ಮಮ್ಮಿಗೆ ಕಟ್ಟಿದ ಮುಖ: ಫಯ್ಯೂಮ್ ಚಿತ್ರಗಳ ಕತೆ

ಕೆಳದಿಯ ಇತಿಹಾಸ ಓದಿದವರಿಗೆ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಹೆಸರು ಹೊಸದಲ್ಲ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಅವನು. ವೆಂಕಟಪ್ಪ ನಾಯಕನ ಆಸ್ಥಾನದ ಬಗ್ಗೆ ಬರೆದ. ಮರಳಿನ ಮೇಲೆ ಬೆರಳಾಡಿಸಿ ಲೆಕ್ಕ ಕಲಿಯುತ್ತಿದ್ದ ಹುಡುಗರ ಬಗ್ಗೆಯೂ ಬರೆದ. ನಮ್ಮ ಕಡೆ ಬರುವ ಮೊದಲು, 1615ರ ಕೊನೆಯಲ್ಲಿ, ಅವನು ಈಜಿಪ್ಟ್‌ನ ಸಕ್ಕಾರದಲ್ಲಿದ್ದ. ಅಲ್ಲಿ ಮರಳಿನಡಿ ಸಿಕ್ಕಿದ್ದ ಎರಡು ಮಮ್ಮಿಗಳನ್ನು ದುಡ್ಡು ಕೊಟ್ಟು ಕೊಂಡ. ಒಂದು ಗಂಡಸಿನದು, ಇನ್ನೊಂದು ಹೆಂಗಸಿನದು. ಎರಡೂ ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿವೆ.

ಆ ಮಮ್ಮಿಗಳ ಹೊದಿಕೆಯ ಮೇಲೆ ಬಣ್ಣದಲ್ಲಿ ಬರೆದ ಮನುಷ್ಯರ ಮುಖಗಳಿದ್ದವು. ಈಜಿಪ್ಟ್‌ನ ಗೋರಿಗಳ ಗೋಡೆಯ ಮೇಲೆ ನಾವು ನೋಡುವ ಹಾಗೆ ಪಕ್ಕಕ್ಕೆ ತಿರುಗಿದ ಮುಖಗಳಲ್ಲ, ನೇರವಾಗಿ ನಮ್ಮನ್ನೇ ನೋಡುವ ಮುಖಗಳು. ಯುರೋಪಿಗೆ ಈ ಬಗೆಯ ಚಿತ್ರಗಳ ಪರಿಚಯ ಶುರುವಾದದ್ದು ಅಲ್ಲಿಂದ. ದೆಲ್ಲಾ ವಲ್ಲೆಯ ಬದುಕಿನಲ್ಲೂ ಆಮೇಲೆ ಇಂಥದೇ ಒಂದು ಘಟನೆ ನಡೆಯಿತು. ಅವನ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವಳ ದೇಹಕ್ಕೆ ಕರ್ಪೂರ ಹಾಕಿಸಿ, ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದ. ಕೊನೆಗೆ 1627ರಲ್ಲಿ ರೋಮ್‌ನಲ್ಲಿ ಮಣ್ಣು ಮಾಡಿದ. ಸತ್ತವರನ್ನು ಬಿಟ್ಟುಕೊಡಲಾಗದ ನೋವು ಏನೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಇಂಥ ಚಿತ್ರಗಳು ಇವತ್ತು ಜಗತ್ತಿನಲ್ಲಿ 900ರಿಂದ 1000ದವರೆಗೆ ಉಳಿದಿವೆ. ಜಾಸ್ತಿ ಸಿಕ್ಕಿದ್ದು ಕೈರೋದ ನೈಋತ್ಯಕ್ಕಿರುವ ಫಯ್ಯೂಮ್ ತಗ್ಗಿನಲ್ಲಿ. ಹಾಗಾಗಿ ಎಲ್ಲವನ್ನೂ ಸೇರಿಸಿ ಫಯ್ಯೂಮ್ ಚಿತ್ರಗಳು ಎಂದೇ ಕರೆಯುತ್ತಾರೆ. ಲಂಡನ್, ಬರ್ಲಿನ್, ಪ್ಯಾರಿಸ್, ನ್ಯೂಯಾರ್ಕ್, ಕೈರೋ, ಎಲ್ಲಾ ದೊಡ್ಡ ಮ್ಯೂಸಿಯಂಗಳಲ್ಲೂ ಒಂದೆರಡಾದರೂ ಇವೆ. ಗಾಜಿನ ಹಿಂದೆ ಒಂದು ಮುಖ, ಕೆಳಗೆ 'ಯುವತಿ' ಅಂತಲೋ 'ಗಡ್ಡದ ಗಂಡಸು' ಅಂತಲೋ ಒಂದು ಚೀಟಿ. ಅಗಲವಾದ ಕಣ್ಣು, ಕಣ್ಣಲ್ಲಿ ಬೆಳಕಿನ ಒಂದು ಚುಕ್ಕೆ. ಹತ್ತಿರ ಹತ್ತಿರ 1900 ವರ್ಷ ಹಳೆಯ ಮುಖ ಎಂದರೆ ನಂಬುವುದು ಕಷ್ಟ.

ಆದರೆ ಹೀಗೆ ಗೋಡೆಗೆ ತೂಗುಹಾಕಲು ಈ ಚಿತ್ರ ಅಲ್ಲಿಗೆ ಬಂದದ್ದಲ್ಲ. ಇದು ಒಬ್ಬ ಸತ್ತ ಮನುಷ್ಯನ ಕಟ್ಟಿನ ಭಾಗ. ಮಮ್ಮಿಯ ಮುಖ ಇರುವ ಜಾಗದಲ್ಲಿ ಬಟ್ಟೆಯ ಪಟ್ಟಿಗಳ ನಡುವೆ ಕೂರಿಸಿ, ಸುತ್ತ ಬಿಗಿದು ಕಟ್ಟಿದ್ದ ಹಲಗೆ. ಅದನ್ನು ಮತ್ತೆ ಆ ದೇಹದ ಮೇಲೆ ಇಟ್ಟು ನೋಡಿದಾಗ ಮಾತ್ರ ಇದರ ಕತೆ ಪೂರ್ತಿ ತಿಳಿಯುತ್ತದೆ.

ಸತ್ತವರಿಗೆ ಮುಖ ಯಾಕೆ ಬೇಕು

ಮನುಷ್ಯನಲ್ಲಿ ಒಂದಲ್ಲ, ಹಲವು ಆತ್ಮದಂಥ ಅಂಶಗಳಿವೆ ಎಂದು ಹಳೆಯ ಈಜಿಪ್ಟ್‌ನವರು ನಂಬಿದ್ದರು. ಅದರಲ್ಲೊಂದಕ್ಕೆ ಹಕ್ಕಿಯ ಮೈ, ಮನುಷ್ಯನ ತಲೆ. ಅದು ಹಗಲು ಗೋರಿಯಿಂದ ಹೊರಗೆ ಹಾರಿ ಹೋಗುತ್ತದೆ, ರಾತ್ರಿ ತನ್ನ ದೇಹಕ್ಕೆ ಮರಳಬೇಕು. ದೇಹ ಕೊಳೆತುಹೋದರೆ ಮರಳಲು ಜಾಗವೇ ಇಲ್ಲ. ಅದಕ್ಕೇ ದೇಹವನ್ನು ಒಣಗಿಸಿ, ಬಟ್ಟೆ ಸುತ್ತಿ ಕಾಪಾಡಿದರು. ಸುತ್ತಿದ ಮೇಲೆ ಮುಖ ಮುಚ್ಚಿಹೋಗುತ್ತದೆ ಅಲ್ವಾ? ಆದ್ದರಿಂದ ಮುಚ್ಚಿದ ಮುಖದ ಮೇಲೆ ಇನ್ನೊಂದು ಮುಖ ಕೊಟ್ಟರು.

ಇದು ರೋಮನ್ನರ ಕಾಲಕ್ಕಿಂತ ಬಹಳ ಹಿಂದಿನ ಪದ್ಧತಿ. ಪಿರಮಿಡ್ ಕಟ್ಟಿದ ಕಾಲದಲ್ಲೇ ಕೆಲವು ಹೆಣಗಳ ಮುಖಕ್ಕೆ ಗಾರೆ ಮೆತ್ತಿ ಕಣ್ಣು, ಮೂಗು, ಬಾಯಿ ತಿದ್ದುತ್ತಿದ್ದರು. ಆಮೇಲೆ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಮೇಲೆ ಗಾರೆ ಬಳಿದು ಮುಖವಾಡ ಮಾಡತೊಡಗಿದರು. ರಾಜರಿಗೆ ಚಿನ್ನದ್ದೇ ಮುಖವಾಡ. ಟುಟಾಂಕಾಮುನ್‌ನ ಮುಖವಾಡ ಹತ್ತು ಕಿಲೋ ತೂಗುತ್ತದೆ. ದೇವರುಗಳ ಮೈ ಚಿನ್ನದ್ದು ಎಂಬ ನಂಬಿಕೆಯಿತ್ತು. ಹಾಗಾಗಿ ಚಿನ್ನದ ಮುಖ ಎಂದರೆ ಸತ್ತವನು ದೇವರ ಸಾಲಿಗೆ ಸೇರಿದ ಎಂದರ್ಥ. ಇಲ್ಲಿ ಒಂದು ಮಾತು ಗಮನಿಸಬೇಕು. ಆ ಮುಖವಾಡಗಳು ಒಬ್ಬೊಬ್ಬ ಮನುಷ್ಯನ ನಿಜವಾದ ರೂಪವನ್ನು ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಎಲ್ಲವೂ ಯೌವನದ, ಕಲೆಯಿಲ್ಲದ, ಸದಾ ಶಾಂತವಾದ ಮುಖಗಳು. ಸತ್ತವರು ಮುಂದೆ ಹೇಗಿರಬೇಕೋ ಹಾಗೆ ತೋರಿಸಿದ ಮುಖಗಳು.

ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ಸತ್ತು ಈಜಿಪ್ಟ್ ರೋಮ್‌ನ ಕೈಗೆ ಹೋಯಿತು. ಅದಾದ ಕೆಲವೇ ದಶಕಗಳಲ್ಲಿ, ಕ್ರಿ.ಶ. ಒಂದನೇ ಶತಮಾನದಲ್ಲಿ, ಕೆಲವು ಮನೆತನಗಳು ಮುಖವಾಡದ ಜಾಗದಲ್ಲಿ ಮರದ ಹಲಗೆಯ ಮೇಲೆ ಬರೆಸಿದ ಚಿತ್ರ ಇಡತೊಡಗಿದವು. ಹಲಗೆಯ ಮೇಲೆ ಚಿತ್ರ ಬರೆಯುವುದು ಗ್ರೀಕರ ಕಲೆ. ಮನುಷ್ಯ ಹೇಗಿದ್ದಾನೋ ಹಾಗೆ, ಸುಕ್ಕು, ಗಡ್ಡ, ಓರೆ ಮೂಗು ಸಮೇತ ತೋರಿಸುವುದು ರೋಮನ್ನರಿಗೆ ಪ್ರಿಯ. ದೇಹ ಕಾಪಾಡಿ ಮುಖ ಕೊಡುವುದು ಈಜಿಪ್ಟ್‌ನ ನಂಬಿಕೆ. ಮೂರೂ ಒಂದೇ ಕಟ್ಟಿನೊಳಗೆ ಸೇರಿಕೊಂಡವು.

ಎಲ್ಲರೂ ಇದನ್ನೇ ಆರಿಸಿಕೊಂಡರು ಅಂತೇನಿಲ್ಲ. ಫಯ್ಯೂಮ್‌ನ ಹವಾರದಲ್ಲಿ ಅಗೆದ ಇಂಗ್ಲೆಂಡಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಹಾಕಿದ ಲೆಕ್ಕದಂತೆ ನೂರು ಮಮ್ಮಿಗಳಲ್ಲಿ ಒಂದೋ ಎರಡೋ ಮಾತ್ರ ಚಿತ್ರವಿರುವಂಥವು. ಒಂದೇ ಮನೆಯೊಳಗೂ ಒಂದೇ ರೀತಿ ಇರಲಿಲ್ಲ. 1892ರಲ್ಲಿ ಹವಾರದಲ್ಲೇ ರಿಚರ್ಡ್ ಫಾನ್ ಕೌಫ್ಮನ್ ಎಂಬ ಜರ್ಮನ್ ವಿದ್ವಾಂಸ ಒಂದು ಗುಂಡಿ ತೆರೆಸಿದ. ಒಳಗೆ ಎಂಟು ಮಮ್ಮಿಗಳು. ಅಲೀನೆ ಎಂಬ 35 ವರ್ಷದ ಹೆಂಗಸಿಗೂ ಇಬ್ಬರು ಪುಟ್ಟ ಹುಡುಗಿಯರಿಗೂ ಬರೆದ ಚಿತ್ರ ಇತ್ತು. ಅದೇ ಗುಂಡಿಯಲ್ಲಿದ್ದ ಒಬ್ಬ ಗಂಡಸಿಗೆ ಹಳೆಯ ಪದ್ಧತಿಯಂತೆ ಚಿನ್ನ ಬಳಿದ ಮುಖವಾಡ. ಕೆಲವಕ್ಕೆ ಎರಡೂ ಇಲ್ಲ, ಬರೀ ಬಟ್ಟೆ. ಅಕ್ಕಪಕ್ಕ ಮಲಗಿದವರಲ್ಲೇ ಒಬ್ಬರಿಗೆ ತಮ್ಮ ಮುಖ, ಇನ್ನೊಬ್ಬರಿಗೆ ದೇವರ ಹೊಳಪಿನ ಮುಖ. ಈ ಗುಂಡಿಯ ವಿವರ ನನಗೆ ಬಹಳ ಮುಖ್ಯ ಎನಿಸುತ್ತದೆ. ಹೊಸ ಪದ್ಧತಿ ಬಂದು ಹಳೆಯದನ್ನು ಅಳಿಸಿಬಿಟ್ಟಿತು ಎಂಬ ಸರಳ ಕತೆಗೆ ಇಲ್ಲಿ ಜಾಗವಿಲ್ಲ.

ಇವರು ಯಾರು

ಕ್ಲಿಯೋಪಾತ್ರಳ ಪೂರ್ವಿಕರು, ಗ್ರೀಕ್ ಮೂಲದ ಟಾಲೆಮಿ ರಾಜರು, ಫಯ್ಯೂಮ್‌ನ ಕೆರೆಯ ನೀರು ತಗ್ಗಿಸಿ ಹೊಸ ಗದ್ದೆ ತೆಗೆಸಿದ್ದರು. ಆ ನೆಲವನ್ನು ತಮ್ಮ ಗ್ರೀಕ್ ಸೈನಿಕರಿಗೆ ಹಂಚಿದರು. ಅವರು ಅಲ್ಲೇ ನೆಲೆನಿಂತರು, ಸ್ಥಳೀಯರ ಜೊತೆ ಮದುವೆ ಸಂಬಂಧ ಬೆಳೆಯಿತು. ರೋಮನ್ನರು ಬರುವ ಹೊತ್ತಿಗೆ ಯಾರು ಗ್ರೀಕರು, ಯಾರು ಈಜಿಪ್ಟ್‌ನವರು ಎಂದು ಬೇರೆ ಮಾಡುವುದು ಸುಲಭವಿರಲಿಲ್ಲ. ಸರ್ಕಾರದ ದಾಖಲೆಯಲ್ಲಿ 'ಗ್ರೀಕ್' ಎಂದು ಬರೆಸಿಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತಿತ್ತು, ಸ್ಥಾನಮಾನ ಇರುತ್ತಿತ್ತು. ಹಾಗಾಗಿ ಹೆಸರು ಗ್ರೀಕ್, ಬಟ್ಟೆ ರೋಮನ್, ಪೂಜೆ ಸತ್ತವರ ಲೋಕವನ್ನಾಳುವ ಈಜಿಪ್ಟ್‌ನ ಒಸೈರಿಸ್ ದೇವರಿಗೆ. ಇಲ್ಲಿನ ಮಮ್ಮಿಗಳ ಹಲ್ಲುಗಳನ್ನು ಹಳೆಯ ಈಜಿಪ್ಟ್‌ನವರ ಹಲ್ಲುಗಳ ಜೊತೆ ಹೋಲಿಸಿ ನೋಡಿದ ಅಧ್ಯಯನದಲ್ಲಿ ಎರಡಕ್ಕೂ ಹತ್ತಿರದ ಹೋಲಿಕೆಯೇ ಕಂಡಿದೆ. ಚಿತ್ರ ನೋಡಿ 'ಇವರು ಹೊರಗಿನವರು' ಎಂದುಬಿಡುವುದು ಅವಸರದ ಮಾತು.

ಇದೆಲ್ಲ ಒಂದೇ ಕಡೆ ಕಾಣಬೇಕಾದರೆ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆರ್ಟೆಮಿಡೋರಸ್‌ನನ್ನು ನೋಡಬೇಕು. 1888ರಲ್ಲಿ ಹವಾರದಲ್ಲಿ ಸಿಕ್ಕವನು, ಎರಡನೇ ಶತಮಾನದ ಶುರುವಿನವನು. ಮೈಯ ಸುತ್ತ ಕಡುಗೆಂಪು ಬಣ್ಣದ ಗಾರೆಯ ಕವಚ. ತಲೆಯ ಜಾಗದಲ್ಲಿ ಹಲಗೆಯ ಮೇಲಿನ ಚಿತ್ರ. ಚಿಕ್ಕ ವಯಸ್ಸಿನ ಹುಡುಗ, ಬಿಳಿ ಬಟ್ಟೆ, ತಲೆಯ ಮೇಲೆ ಚಿನ್ನದ ಎಲೆಗಳ ಮಾಲೆ. ಆ ಮುಖ ರೋಮನ್ ಸಾಮ್ರಾಜ್ಯದ ಯಾವ ಊರಿನದೂ ಆಗಬಹುದಿತ್ತು. ಕಣ್ಣು ಕೆಳಗಿಳಿಸಿದರೆ ಬೇರೆಯೇ ಲೋಕ. ಎದೆಯ ಕೆಳಗೆ ಚಿನ್ನದಲ್ಲಿ ನರಿತಲೆಯ ಅನುಬಿಸ್ ದೇವರು ನಿಂತಿದ್ದಾನೆ. ಸಿಂಹದ ಆಕಾರದ ಮಂಚದ ಮೇಲೆ ಮಲಗಿಸಿದ ಮಮ್ಮಿಗೆ ಅವನು ಆರೈಕೆ ಮಾಡುತ್ತಿದ್ದಾನೆ, ಆಚೆ ಈಚೆ ದೇವಿಯರು. ಇನ್ನೂ ಕೆಳಗೆ ಒಸೈರಿಸ್ ಸಾವಿನಿಂದ ಏಳುವ ದೃಶ್ಯ. ನಡುವೆ ಅವನಿಗೆ ವಿದಾಯ ಹೇಳುವ ಒಂದು ಗ್ರೀಕ್ ಸಾಲು. ಅದರಲ್ಲಿ ಕಾಗುಣಿತ ತಪ್ಪಿದೆ. ಚಿತ್ರ ಒಂದನ್ನೇ ಕತ್ತರಿಸಿ ತೆಗೆದಿದ್ದರೆ ಅನುಬಿಸ್, ಒಸೈರಿಸ್, ಹೆಸರು, ವಿದಾಯ ಎಲ್ಲವೂ ಹೋಗಿ 'ಮಾಲೆ ಧರಿಸಿದ ಯುವಕ' ಎಂಬ ಚೀಟಿ ಮಾತ್ರ ಉಳಿಯುತ್ತಿತ್ತು.

ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಒಳಗಿರುವವನು ಸುಮಾರು 20 ವರ್ಷದ ಯುವಕ ಎಂದು ಗೊತ್ತಾಯಿತು. ತಲೆಬುರುಡೆಗೆ ಪೆಟ್ಟು ಬಿದ್ದ ಗುರುತೂ ಕಂಡಿತು. ಅದು ಸಾಯುವಾಗ ಬಿದ್ದ ಪೆಟ್ಟೋ, ಮಮ್ಮಿ ಮಾಡುವವರ ಒರಟು ಕೈಯಿಂದ ಆದದ್ದೋ ಎಂಬ ಚರ್ಚೆ ಮುಗಿದಿಲ್ಲ. ಅವನ ಜೊತೆಗೆ ಇದೇ ಮಾದರಿಯ ಕೆಂಪು ಕವಚದ ಇನ್ನೂ ಎರಡು ಮಮ್ಮಿಗಳು ಸಿಕ್ಕಿದ್ದವು. ಒಂದು ಅದೇ ಹೆಸರಿನ ಹಿರಿಯ ಗಂಡಸಿನದು, ಇನ್ನೊಂದು ಥರ್ಮೌಥರಿನ್ ಎಂಬ ಹೆಂಗಸಿನದು. ಒಂದೇ ಮನೆಯವರಿರಬೇಕು. ಈಗ ಒಬ್ಬ ಲಂಡನ್‌ನಲ್ಲಿ, ಒಬ್ಬ ಮ್ಯಾಂಚೆಸ್ಟರ್‌ನಲ್ಲಿ, ಅವಳು ಕೈರೋದಲ್ಲಿ.

ಜೇನುಮೇಣ, ಯುರೋಪಿನ ಮರ, ಸ್ಪೇನ್‌ನ ಕೆಂಪು

ಈ ಚಿತ್ರ ಬರೆಯುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಕಳೆದ ಕೆಲವು ದಶಕಗಳಲ್ಲಿ ಬಹಳ ಚೆನ್ನಾಗಿ ತಿಳಿದಿದೆ. ಮೊದಲು ಮರ. ಈಜಿಪ್ಟ್‌ನಲ್ಲಿ ಒಳ್ಳೆಯ ಮರ ಕಡಿಮೆ. ಅತ್ತಿಯ ಜಾತಿಯ ಮರ ಇತ್ತು, ಅದು ಒರಟು. ಬ್ರಿಟಿಷ್ ಮ್ಯೂಸಿಯಂನ ಕ್ಯಾರೊಲಿನ್ ಕಾರ್ಟ್‌ರೈಟ್ ಸೂಕ್ಷ್ಮದರ್ಶಕದಲ್ಲಿ ಮರದ ಚೂರುಗಳನ್ನು ಪರೀಕ್ಷಿಸಿದಾಗ, ಬಹುಪಾಲು ಹಲಗೆಗಳು ಲಿಂಡನ್ ಮರದವು ಎಂದು ಗೊತ್ತಾಯಿತು. ಲಿಂಡನ್ ಈಜಿಪ್ಟ್‌ನಲ್ಲಿ ಬೆಳೆಯುವುದೇ ಇಲ್ಲ. ಯುರೋಪಿನಿಂದ ಹಡಗಿನಲ್ಲಿ ಬರಬೇಕು. ಆ ಮರದ ಎಳೆ ನಯ. ಒಂದೆರಡು ಮಿಲಿಮೀಟರ್ ತೆಳ್ಳಗೆ ಸೀಳಿದರೂ ಮುರಿಯುವುದಿಲ್ಲ, ಸ್ವಲ್ಪ ಬಾಗುತ್ತದೆ. ಮಮ್ಮಿಯ ತಲೆಯ ಉಬ್ಬಿನ ಮೇಲೆ ಕೂರಿಸಬೇಕಲ್ಲ, ಅದಕ್ಕೆ ಹೇಳಿ ಮಾಡಿಸಿದ ಮರ.

ಬಣ್ಣ ಹಚ್ಚುವುದರಲ್ಲಿ ಎರಡು ದಾರಿ. ಒಂದು, ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟಿನಲ್ಲಿ ಬಣ್ಣ ಕಲಸುವುದು. ಇದಕ್ಕೆ ಟೆಂಪೆರಾ ಎನ್ನುತ್ತಾರೆ. ಬೇಗ ಒಣಗುತ್ತದೆ, ಗೆರೆಗಳು ಸಣ್ಣಗೆ, ಸ್ಪಷ್ಟವಾಗಿ ಬರುತ್ತವೆ, ಆದರೆ ಮೈ ಚಪ್ಪಟೆಯಾಗಿ ಕಾಣುತ್ತದೆ. ಇನ್ನೊಂದು, ಜೇನುಮೇಣ ಕರಗಿಸಿ ಅದಕ್ಕೆ ಬಣ್ಣದ ಪುಡಿ ಸೇರಿಸಿ ಬಿಸಿಬಿಸಿಯಾಗಿಯೇ ಹಚ್ಚುವುದು. ಇದು ಎನ್ಕಾಸ್ಟಿಕ್. ಬಿಸಿ ಮೇಣ ಹಲಗೆ ಮುಟ್ಟಿದ ಕೂಡಲೇ ಗಟ್ಟಿಯಾಗತೊಡಗುತ್ತದೆ. ಹಾಗಾಗಿ ಚಿತ್ರಕಾರನ ಕೈಗೆ ಪುರುಸೊತ್ತಿಲ್ಲ. ಬಟ್ಟೆಯನ್ನೂ ಹಿನ್ನೆಲೆಯನ್ನೂ ಕುಂಚದಲ್ಲಿ ಬೀಸಾಗಿ ಹಚ್ಚುತ್ತಾನೆ. ಮುಖಕ್ಕೆ ಬಂದಾಗ ಬಿಸಿ ಮಾಡಿದ ಲೋಹದ ಚಿಕ್ಕ ಸಲಕರಣೆ ಹಿಡಿದು ಮೇಣವನ್ನು ಎಳೆದು, ತೀಡಿ, ಒಂದರೊಳಗೊಂದು ಬೆರೆಸುತ್ತಾನೆ. ಕೆನ್ನೆಯ ಮೇಲೆ ಆ ಸಲಕರಣೆಯ ಗೀರುಗಳು ಇವತ್ತಿಗೂ ಕಾಣುತ್ತವೆ. ಮೇಣದೊಳಗೆ ಬೆಳಕು ಸ್ವಲ್ಪ ಇಳಿದು ವಾಪಸಾಗುವುದರಿಂದ ಮುಖಕ್ಕೆ ನಿಜವಾದ ಚರ್ಮದ ಹೊಳಪು ಬರುತ್ತದೆ. ಈ ಚಿತ್ರಗಳು ನಮ್ಮನ್ನು ಅಷ್ಟು ತಟ್ಟುವುದಕ್ಕೆ ದೊಡ್ಡ ಕಾರಣ ಈ ಮೇಣ ಎಂದೇ ನನ್ನ ಎಣಿಕೆ.

ಮೈಬಣ್ಣಕ್ಕೆ ಬೇಕಾದ್ದು ಬಹಳ ಕಡಿಮೆ. ಸೀಸದಿಂದ ಮಾಡಿದ ಬಿಳಿ, ಹಳದಿ ಮಣ್ಣು, ಕಾವಿ, ಕಪ್ಪು. ಇಷ್ಟರಲ್ಲೇ ಗೋಧಿ ಬಣ್ಣದಿಂದ ಕಂದುವರೆಗೆ ಎಲ್ಲ ಛಾಯೆಗಳನ್ನೂ ತೆಗೆದಿದ್ದಾರೆ. ಹೆಂಗಸರ ಬಟ್ಟೆಯ ಗುಲಾಬಿ, ನೇರಳೆ ಬಣ್ಣಕ್ಕೆ ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಗಿಡದ ಬೇರು ಬಳಸಿದ್ದೂ ಉಂಟು. ಅತಿನೇರಳೆ ಬೆಳಕು ಬಿಟ್ಟರೆ ಆ ಬಣ್ಣ ಕಿತ್ತಳೆಯಾಗಿ ಹೊಳೆಯುತ್ತದೆ, ಗುರುತು ಹಿಡಿಯುವುದು ಸುಲಭ.

ನೀಲಿಯ ಕತೆ ಇನ್ನೂ ಸ್ವಾರಸ್ಯ. ಮರಳು, ತಾಮ್ರ, ಸುಣ್ಣದ ಕಲ್ಲು ಸೇರಿಸಿ ಕಾಯಿಸಿ ಮಾಡುತ್ತಿದ್ದ 'ಈಜಿಪ್ಟ್ ನೀಲಿ'ಗೆ ಒಂದು ವಿಶೇಷ ಗುಣವಿದೆ. ಅದರ ಮೇಲೆ ಸಾಮಾನ್ಯ ಬೆಳಕು ಬಿದ್ದರೆ ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊಮ್ಮಿಸುತ್ತದೆ. ಅದನ್ನು ಹಿಡಿಯುವ ಕ್ಯಾಮೆರಾದಲ್ಲಿ ನೋಡಿದರೆ ನೀಲಿ ಇರುವ ಜಾಗವೆಲ್ಲ ಬೆಳ್ಳಗೆ ಬೆಳಗುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿರುವ, ಟೆಬ್ಟೂನಿಸ್ ಎಂಬ ಊರಿನಿಂದ ಬಂದ ಚಿತ್ರಗಳನ್ನು ಹೀಗೆ ನೋಡಿದಾಗ, ಮೇಲ್ನೋಟಕ್ಕೆ ನೀಲಿಯೇ ಇಲ್ಲದ ಕಡೆಯೂ ನೀಲಿ ಸಿಕ್ಕಿತು. ಮೊದಲ ಗೆರೆಗಳನ್ನು ಎಳೆಯುವುದಕ್ಕೂ, ಬೇರೆ ಬಣ್ಣಗಳ ಛಾಯೆ ತಿದ್ದುವುದಕ್ಕೂ ಅದನ್ನು ಬಳಸಿದ್ದರು. ಅದೇ ಊರಿನ ಒಂದು ಹಲಗೆಯ ಮೇಲೆ ಹೆಂಗಸೊಬ್ಬಳ ಬರೀ ರೇಖಾಚಿತ್ರ ಇದೆ. ಎಲ್ಲೆಲ್ಲಿ ಯಾವ ಬಣ್ಣ ಬರಬೇಕು ಎಂದು ಅದರ ಮೇಲೇ ಗ್ರೀಕ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ. ನೋಡಿ ಬರೆದುಕೊಂಡು, ಆಮೇಲೆ ಕಾರ್ಖಾನೆಯಲ್ಲಿ ಕೂತು ಮುಗಿಸುವ ಕ್ರಮ ಇತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಟೆಬ್ಟೂನಿಸ್‌ನಲ್ಲಿ ಅಗೆದವರು ಇಂಗ್ಲೆಂಡಿನ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್. ಕನ್ನಡಿಗರಿಗೆ ಈ ಜೋಡಿ ಬೇರೆ ಕಾರಣಕ್ಕೆ ಗೊತ್ತು. ಈಜಿಪ್ಟ್‌ನದೇ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ಗುಡ್ಡೆಯಲ್ಲಿ ಒಂದು ಗ್ರೀಕ್ ಪ್ರಹಸನದ ಹಾಳೆ ಸಿಕ್ಕಿತಲ್ಲ, ಅದರಲ್ಲಿರುವ ಅರ್ಥವಾಗದ ಮಾತುಗಳು ಹಳೆಯ ಕನ್ನಡ ಎಂದು ಶಾಸನತಜ್ಞ ಹುಲ್ಷ್ 1904ರಲ್ಲಿ ಹೇಳಿದ್ದರು. ಗೋವಿಂದ ಪೈ ಅವರೂ ಅದರ ಬಗ್ಗೆ ಬರೆದರು. ತುಳು ಎಂದವರೂ ಇದ್ದಾರೆ, ಎರಡನ್ನೂ ಒಪ್ಪದವರೂ ಇದ್ದಾರೆ. ಆ ಹಾಳೆಯನ್ನು ಬೆಳಕಿಗೆ ತಂದವರೂ ಇವರೇ. ಅದರ ಕಾಲವೂ ಈ ಚಿತ್ರಗಳ ಕಾಲವೇ, ಎರಡನೇ ಶತಮಾನದ ಆಸುಪಾಸು.

ಇನ್ನು ಕೆಂಪು. ಅಮೆರಿಕದ ಗೆಟ್ಟಿ ಮ್ಯೂಸಿಯಂನಲ್ಲಿ ಹೆರಾಕ್ಲೈಡಿಸ್ ಎಂಬ ಯುವಕನ ಇಡೀ ಮಮ್ಮಿ ಇದೆ. ಅವನ ಹೊದಿಕೆಗೆಲ್ಲ ಸೀಸದಿಂದ ಮಾಡಿದ ಕೆಂಪು ಬಳಿದಿದ್ದಾರೆ. ಪರೀಕ್ಷೆ ಮಾಡಿದಾಗ ಅದರ ಮೂಲ ಸ್ಪೇನ್‌ನ ರಿಯೊ ಟಿಂಟೊ ಗಣಿ ಪ್ರದೇಶದ ಕಡೆಗೆ ಬೆರಳು ತೋರಿಸಿತು. ಅಲ್ಲಿ ಬೆಳ್ಳಿ ತೆಗೆಯುತ್ತಿದ್ದರು. ಒಬ್ಬ ಈಜಿಪ್ಟ್ ಹುಡುಗನ ಶವಸಂಸ್ಕಾರಕ್ಕೆ ಬಣ್ಣ ಮೆಡಿಟರೇನಿಯನ್ ಸಮುದ್ರದ ಆ ತುದಿಯಿಂದ, ಹಲಗೆ ಯುರೋಪಿನಿಂದ. ಸ್ಕ್ಯಾನ್‌ನಲ್ಲಿ ಇನ್ನೊಂದು ಅಚ್ಚರಿ ಕಂಡಿತು. ಬಟ್ಟೆಯ ಪದರಗಳ ಕೆಳಗೆ ಅವನ ಹೊಟ್ಟೆಯ ಮೇಲೆ ಒಂದು ಐಬಿಸ್ ಹಕ್ಕಿಯ ಮಮ್ಮಿಯನ್ನೂ ಇಟ್ಟಿದ್ದರು. ಐಬಿಸ್ ಬರವಣಿಗೆಯ ದೇವರಾದ ಥೋತ್‌ನ ಹಕ್ಕಿ. ಯಾಕೆ ಇಟ್ಟರು ಎನ್ನುವುದಕ್ಕೆ ಯಾವ ಬರಹವೂ ಇಲ್ಲ. ಹೊರಗಿನ ಚಿತ್ರ ನೋಡಿ ಯಾರೂ ಇದನ್ನು ಊಹಿಸುವಂತಿರಲಿಲ್ಲ.

ನಿಜವಾಗಿ ಹಾಗೇ ಇದ್ದರಾ

ಎಲ್ಲರೂ ಕೇಳುವ ಪ್ರಶ್ನೆ ಇದು. ಬದುಕಿದ್ದಾಗಲೇ ಬರೆಸಿದ್ದಾ, ಸತ್ತ ಮೇಲೆ ಬರೆಸಿದ್ದಾ?

ಬದುಕಿದ್ದಾಗಲೇ ಎನ್ನುವುದಕ್ಕೆ ಕಾರಣಗಳಿವೆ. ಹಲವು ಹಲಗೆಗಳು ಮೊದಲು ಚೌಕವಾಗಿದ್ದು, ಆಮೇಲೆ ಮಮ್ಮಿಯ ಕಟ್ಟಿಗೆ ಸರಿಹೊಂದಲು ಮೂಲೆ ಕತ್ತರಿಸಿಕೊಂಡಿವೆ. ಊರಿಂದ ಊರಿಗೆ ಕತ್ತರಿಸುವ ಬಗೆಯೂ ಬೇರೆ. ಹವಾರದಲ್ಲಿ ಮೇಲ್ಭಾಗ ದುಂಡಗೆ, ಎರ್-ರುಬಯಾತ್‌ನಲ್ಲಿ ಮೂಲೆಗಳು ಓರೆಗೆ, ಅಂಟಿನೂಪೊಲಿಸ್‌ನಲ್ಲಿ ಭುಜದ ಹತ್ತಿರ ಮೆಟ್ಟಿಲಿನ ಹಾಗೆ. ಊರು ಗೊತ್ತಿಲ್ಲದ ಚಿತ್ರಕ್ಕೆ ಈ ಕತ್ತರಿಕೆಯೇ ಎಷ್ಟೋ ಸಲ ಸುಳಿವು. ಅಲ್ಲದೆ ಪೆಟ್ರಿಗೆ ಹವಾರದಲ್ಲಿ ಮರದ ಚೌಕಟ್ಟು ಹಾಕಿದ ಒಂದು ಚಿತ್ರವೂ ಸಿಕ್ಕಿತ್ತು. ಮನೆಯ ಗೋಡೆಗೆ ತೂಗುಹಾಕುವಂಥದ್ದು.

ಆದರೆ ಇದನ್ನು ಎಲ್ಲ ಚಿತ್ರಗಳಿಗೂ ಹೇಳಲಾಗದು. ಮನೆಗೋಡೆಯ ಮೇಲೆ ಹತ್ತಾರು ವರ್ಷ ಇದ್ದಿದ್ದರೆ, ಮುದುಕರಾಗಿ ಸತ್ತವರ ಮಮ್ಮಿಯ ಮೇಲೂ ಯೌವನದ ಚಿತ್ರ ಇರಬೇಕಿತ್ತು. ಸ್ಕ್ಯಾನ್ ಮಾಡಿದ ಹಲವು ಮಮ್ಮಿಗಳಲ್ಲಿ ಚಿತ್ರದ ವಯಸ್ಸು, ಮೂಳೆಯ ವಯಸ್ಸು ಹೆಚ್ಚುಕಡಿಮೆ ತಾಳೆಯಾಗುತ್ತದೆ. ಚಿತ್ರಗಳಲ್ಲಿ ಎಳೆಯರೇ ಜಾಸ್ತಿ ಕಾಣುವುದಕ್ಕೆ ಇದೇ ಉತ್ತರ. ಆ ಕಾಲದಲ್ಲಿ ಜನ ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದರು. ಮಕ್ಕಳ ಚಿತ್ರಗಳಂತೂ ಸತ್ತ ಮೇಲೆ, ಇಲ್ಲವೇ ಸಾವಿಗೆ ಸ್ವಲ್ಪ ಮುಂಚೆ ಬರೆಸಿದವು ಆಗಿರಬೇಕು.

ಮ್ಯೂನಿಕ್‌ನಲ್ಲಿರುವ, ಹವಾರದಿಂದ ಬಂದ ಒಂದು ಹುಡುಗನ ಮಮ್ಮಿಯ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನ ಈ ಪ್ರಶ್ನೆಗೆ ಇನ್ನಷ್ಟು ಹತ್ತಿರ ಹೋಯಿತು. ಸ್ಕ್ಯಾನ್ ಪ್ರಕಾರ ಹುಡುಗನಿಗೆ ಮೂರು ನಾಲ್ಕು ವರ್ಷ. ಶ್ವಾಸಕೋಶದಲ್ಲಿ ನ್ಯುಮೋನಿಯಾದ ಲಕ್ಷಣ ಇತ್ತು. ತಲೆಬುರುಡೆಯ ಅಳತೆ ತೆಗೆದು, ಮಕ್ಕಳ ಮುಖದ ಮಾಂಸದ ದಪ್ಪ ಲೆಕ್ಕ ಹಾಕಿ, ಚಿತ್ರವನ್ನು ಪಕ್ಕಕ್ಕಿಟ್ಟು ಮುಖವನ್ನು ಕಂಪ್ಯೂಟರ್‌ನಲ್ಲಿ ಕಟ್ಟಿದರು. ಆಮೇಲೆ ಚಿತ್ರದ ಜೊತೆ ಇಟ್ಟು ನೋಡಿದರೆ ಹೋಲಿಕೆ ಗಟ್ಟಿಯಾಗಿಯೇ ಇತ್ತು. ವ್ಯತ್ಯಾಸವೂ ಇತ್ತು. ಚಿತ್ರದಲ್ಲಿ ಮೂಗು ಸಣ್ಣ, ಬಾಯಿ ಸಣ್ಣ, ಹುಡುಗ ತನ್ನ ವಯಸ್ಸಿಗಿಂತ ಸ್ವಲ್ಪ ದೊಡ್ಡವನ ಹಾಗೆ ಕಾಣುತ್ತಾನೆ. ಚಿತ್ರಕಾರನ ರೂಢಿಯೋ, ಮನೆಯವರ ಆಸೆಯೋ. ಆ ತಾಯಿ ತಂದೆ ತಮ್ಮ ಮಗನನ್ನು ಸ್ವಲ್ಪವಾದರೂ ಬೆಳೆದವನಾಗಿ ನೋಡಬಯಸಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಹೋಲಿಕೆ ಎಂದಾಕ್ಷಣ ಫೋಟೋದಂಥ ಹೋಲಿಕೆ ಹುಡುಕಬಾರದು ಎನ್ನುವುದು ಇಲ್ಲಿ ಕಲಿಯಬೇಕಾದ್ದು. ಚಿತ್ರಕಾರರ ಬಳಿ ಸಿದ್ಧ ಮಾದರಿಗಳಿದ್ದವು. ಕಣ್ಣನ್ನು ದೊಡ್ಡದು ಮಾಡುವುದು, ತುಟಿಯನ್ನು ತಿದ್ದುವುದು ರೂಢಿ. ಒಂದೇ ಕೈಯಿಂದ ಬಂದ ಹಲವು ಚಿತ್ರಗಳನ್ನು ಸಾಲಾಗಿ ಇಟ್ಟರೆ ಆ ರೂಢಿ ಎದ್ದು ಕಾಣುತ್ತದೆ. ಒಳ್ಳೆಯ ಚಿತ್ರಕಾರ ಆ ರೂಢಿಯೊಳಗೇ ಒಬ್ಬ ಮನುಷ್ಯನನ್ನು ಹಿಡಿದಿದ್ದಾನೆ. ಸಾಧಾರಣ ಚಿತ್ರಕಾರ ರೂಢಿಯನ್ನಷ್ಟೇ ಬರೆದಿದ್ದಾನೆ. ಅಂಥವೂ ಬಹಳ ಇವೆ, ಅವನ್ನು ಪುಸ್ತಕಗಳ ಮುಖಪುಟದಲ್ಲಿ ಹಾಕುವುದಿಲ್ಲ ಅಷ್ಟೇ.

ಕಾಲ ನಿರ್ಧರಿಸುವುದಕ್ಕೆ ಬಹಳ ಸಲ ದಿಕ್ಕು ತೋರಿಸುವುದು ಹೆಂಗಸರ ಕೂದಲು. ರೋಮ್‌ನ ರಾಣಿ ಮುಡಿ ಕಟ್ಟುವ ಬಗೆ ಬದಲಿಸಿದರೆ ಅದು ನಾಣ್ಯ, ಪ್ರತಿಮೆಗಳ ಮೂಲಕ ಈಜಿಪ್ಟ್‌ವರೆಗೂ ಬರುತ್ತಿತ್ತು. ಒಂದನೇ ಶತಮಾನದ ಮೊದಲಲ್ಲಿ ನಡುಬೈತಲೆಯ ಸರಳ ಕೂದಲು, ಕೊನೆಯ ಹೊತ್ತಿಗೆ ಹಣೆಯ ಮೇಲೆ ಸುರುಳಿಗಳ ಗೋಡೆ, ಎರಡನೇ ಶತಮಾನದಲ್ಲಿ ನೆತ್ತಿಯ ಮೇಲೆ ಸುತ್ತಿದ ಜಡೆ. ಕಿವಿಯೋಲೆ ಕೂಡ ಸಹಾಯಕ್ಕೆ ಬರುತ್ತದೆ. ಆದರೂ ತೊಡಕು ತಪ್ಪಿದ್ದಲ್ಲ. ಅಲೀನೆಯ ಗೋರಿಯ ಕಲ್ಲಿನ ಮೇಲೆ 'ಹತ್ತನೇ ವರ್ಷ' ಎಂದಿದೆ, ಯಾವ ಚಕ್ರವರ್ತಿಯ ಹತ್ತನೇ ವರ್ಷ ಎಂದಿಲ್ಲ. ಟೈಬೀರಿಯಸ್‌ನದಾದರೆ ಕ್ರಿ.ಶ. 24ರ ಹೊತ್ತು, ಟ್ರೇಜನ್‌ನದಾದರೆ 107ರ ಹೊತ್ತು. ಅವಳ ಕೂದಲು ನೋಡಿ ಮೊದಲನೆಯದು ಎನ್ನುವವರು ಜಾಸ್ತಿ.

ಮುಖ ಒಂದು ಕಡೆ, ಮೈ ಇನ್ನೊಂದು ಕಡೆ

1887ರಲ್ಲಿ ಎರ್-ರುಬಯಾತ್‌ನಲ್ಲಿ ಸ್ಥಳೀಯರಿಗೆ ರಾಶಿ ರಾಶಿ ಚಿತ್ರಗಳು ಸಿಕ್ಕವು. ವಿಯೆನ್ನಾದ ವ್ಯಾಪಾರಿ ಥಿಯೊಡೋರ್ ಗ್ರಾಫ್ ಅವನ್ನು ಕೊಂಡು ಯುರೋಪು, ಅಮೆರಿಕದಲ್ಲಿ ಪ್ರದರ್ಶನ ಮಾಡಿದ. ಇವರೆಲ್ಲ ಟಾಲೆಮಿ ರಾಜಮನೆತನದವರು ಎಂಬ ಸುದ್ದಿಯೂ ಹಬ್ಬಿತು. ಬೆಲೆ ಏರಿತು. ಸಿಗ್ಮಂಡ್ ಫ್ರಾಯ್ಡ್ ಕೂಡ ಆ ಸಂಗ್ರಹದಿಂದ ಕೊಂಡಿದ್ದ. ಈ ವ್ಯಾಪಾರಕ್ಕೆ ಬೇಕಾದ್ದು ಚಿತ್ರ ಮಾತ್ರ. ಸಾಗಿಸಲು ಸುಲಭ, ಮಾರಲು ಸುಲಭ. ದೇಹಗಳು ಅಲ್ಲೇ ಹಾಳಾದವು. ಅವುಗಳ ಜೊತೆಗೆ ಹೆಸರು, ವಯಸ್ಸು, ಪಕ್ಕದಲ್ಲಿ ಯಾರು ಮಲಗಿದ್ದರು ಎಂಬುದೆಲ್ಲ ಹೋಯಿತು. ಸಾವಿರ ಚಿತ್ರಗಳಲ್ಲಿ ಮಮ್ಮಿಯ ಮೇಲೇ ಉಳಿದಿರುವುದು ನೂರರ ಆಸುಪಾಸು. ನನಗೆ ಇದು ಈ ಇಡೀ ಕತೆಯ ದೊಡ್ಡ ನಷ್ಟ.

ಮರುವರ್ಷ ಹವಾರದಲ್ಲಿ ಅಗೆದ ಪೆಟ್ರಿ ಬೇರೆ ರೀತಿಯ ಮನುಷ್ಯ. ಅಲ್ಲಿರುವ ಅಮೆನೆಮ್‌ಹೆಟ್ ರಾಜನ ಪಿರಮಿಡ್ ನೋಡಲು ಹೋದವನಿಗೆ ಪಕ್ಕದಲ್ಲೇ ಈ ಸ್ಮಶಾನ ಸಿಕ್ಕಿತು. ಆ ಒಂದೇ ಸಲಕ್ಕೆ ಸುಮಾರು 80 ಚಿತ್ರಗಳು. ಎಲ್ಲಿ ಏನು ಸಿಕ್ಕಿತೆಂದು ಬರೆದಿಟ್ಟ. ಉದುರುತ್ತಿದ್ದ ಬಣ್ಣದ ಮೇಲೆ ಮೇಣ ಕರಗಿಸಿ ಹಾಕಿ ಉಳಿಸಿದ. ಅವನೂ ಬಹಳಷ್ಟು ಚಿತ್ರಗಳನ್ನು ಮಮ್ಮಿಯಿಂದ ಬೇರ್ಪಡಿಸಿದ್ದು ನಿಜ, ಆದರೆ ಚೆನ್ನಾಗಿದ್ದ ಕೆಲವನ್ನು ಇಡಿಯಾಗಿ ಉಳಿಸಿದ. ಅವನ ಟಿಪ್ಪಣಿ ಇಲ್ಲದಿದ್ದರೆ ನಮಗೆ ಗೊತ್ತಾಗದ ಎಷ್ಟೋ ವಿಷಯಗಳಿವೆ. ಒಂದು ಉದಾಹರಣೆ: ಹಲವು ಮಮ್ಮಿಗಳ ಕಾಲಿನ ಕವಚ ತಗ್ಗಾಗಿತ್ತು, ಗೀರು ಬಿದ್ದಿತ್ತು, ಧೂಳು ಕೂತಿತ್ತು. ಆದರೂ ಕೊನೆಗೆ ಹೂತದ್ದು ಗುರುತಿನ ಕಲ್ಲೂ ಇಲ್ಲದ ಗುಂಡಿಗಳಲ್ಲಿ, ಒಂದರ ಮೇಲೊಂದು. ಹೂಳುವ ಮೊದಲು ವರ್ಷಗಟ್ಟಲೆ ಮನೆಯಲ್ಲೇ ನಿಲ್ಲಿಸಿಕೊಂಡಿದ್ದರು ಎಂದು ಪೆಟ್ರಿ ಊಹಿಸಿದ. ಮನೆಯಲ್ಲಲ್ಲ, ಸ್ಮಶಾನದ ಪೂಜಾ ಕೋಣೆಯಲ್ಲಿ ಇರಬಹುದು ಎನ್ನುವವರೂ ಇದ್ದಾರೆ. ಎಲ್ಲೇ ಇರಲಿ, ಬದುಕಿದ್ದವರು ಬಂದು ಆ ಮುಖ ನೋಡುತ್ತಿದ್ದರು ಎಂಬುದು ಎರಡೂ ಕಡೆಯವರು ಒಪ್ಪುವ ಮಾತು. ನೇರವಾಗಿ ನೋಡುವ ಆ ಕಣ್ಣುಗಳಿಗೆ ಆಗ ಬೇರೆ ಅರ್ಥ ಬರುತ್ತದೆ.

1911ರಲ್ಲಿ ಪೆಟ್ರಿ ಮತ್ತೆ ಹವಾರಕ್ಕೆ ಹೋದ. ಆ ಸಲ ಸಿಕ್ಕವಳು ಹರ್ಮಿಯೋನೆ. ಚಿತ್ರದಲ್ಲಿ ಅವಳ ಕತ್ತಿನ ಪಕ್ಕ ಹೆಸರು ಬರೆದು, ಜೊತೆಗೆ ಅವಳು ಓದು ಬರಹ ಬಲ್ಲವಳು ಎಂದು ಹೇಳುವ ಒಂದು ಗ್ರೀಕ್ ಪದ ಸೇರಿಸಿದ್ದಾರೆ. ಪಾಠ ಹೇಳುವವಳೂ ಆಗಿದ್ದಿರಬಹುದು. ಅವಳು ಹುಡುಗಿಯರ ಕಾಲೇಜಿನಲ್ಲಿ ಇರಬೇಕು ಎಂದು ಪೆಟ್ರಿ ಪಟ್ಟುಹಿಡಿದ. ಹಾಗಾಗಿ ಅವಳು ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿದ್ದಾಳೆ, ಚಿತ್ರವೂ ದೇಹವೂ ಒಟ್ಟಿಗೇ.

ಮೂರನೇ ಶತಮಾನದಲ್ಲಿ ರೋಮ್‌ನ ಆರ್ಥಿಕತೆ ಕುಸಿಯಿತು. ಇಂಥ ಖರ್ಚು ಮಾಡಬಲ್ಲ ಮನೆತನಗಳು ಬಡವಾದವು, ಹಳೆಯ ದೇವಸ್ಥಾನಗಳು ಬಡವಾದವು, ಕ್ರೈಸ್ತ ಧರ್ಮ ಬೆಳೆಯಿತು. ಚಿತ್ರಗಳು ನಿಂತುಹೋದವು. ಯಾವಾಗ ಎಂಬುದರಲ್ಲಿ ವಿದ್ವಾಂಸರಿಗೆ ಜಗಳವಿದೆ. ಕ್ಲೌಸ್ ಪಾರ್ಲಾಸ್ಕಾ ನಾಲ್ಕನೇ ಶತಮಾನದವರೆಗೆ ಎಳೆದರೆ, ಬಾರ್ಬರಾ ಬೋರ್ಗ್ ಮೂರನೇ ಶತಮಾನದ ನಡುವಿಗೇ ನಿಲ್ಲಿಸುತ್ತಾರೆ. ಮೇಣದ ಕಲೆ ಮಾತ್ರ ಉಳಿಯಿತು. ಸಿನಾಯ್‌ನ ಸಂತ ಕ್ಯಾಥರೀನ್ ಮಠದಲ್ಲಿರುವ ಆರನೇ ಶತಮಾನದ ಕ್ರಿಸ್ತನ ಚಿತ್ರವೂ ಬಿಸಿ ಮೇಣದಲ್ಲೇ ಬರೆದದ್ದು, ಅದೇ ನೇರ ನೋಟ.

ಚದುರಿಹೋದದ್ದನ್ನು ಸೇರಿಸುವ ಕೆಲಸ ಈಗ ನಡೆಯುತ್ತಿದೆ. 2013ರಲ್ಲಿ ಗೆಟ್ಟಿ ಮ್ಯೂಸಿಯಂ ಶುರು ಮಾಡಿದ ಅಪಿಯರ್ ಎಂಬ ಯೋಜನೆಯಲ್ಲಿ ಹತ್ತಾರು ಮ್ಯೂಸಿಯಂಗಳು ತಮ್ಮ ಚಿತ್ರಗಳ ಮರ, ಬಣ್ಣ, ಅಂಟು, ಕತ್ತರಿಕೆಯ ಗುರುತು ಎಲ್ಲವನ್ನೂ ಒಂದೇ ಕಡೆ ದಾಖಲಿಸುತ್ತಿವೆ. ಬೇರೆ ಬೇರೆ ದೇಶದಲ್ಲಿರುವ ಎರಡು ಹಲಗೆ ಒಂದೇ ಕಾರ್ಖಾನೆಯಿಂದ ಬಂದವೇ ಎಂದು ಹೀಗೆ ಹೋಲಿಸಿ ನೋಡಬಹುದು. ಮತ್ತೆ 2022ರ ಕೊನೆಯಲ್ಲಿ, ಗ್ರಾಫ್‌ನ ಚಿತ್ರಗಳು ಬಂದಿದ್ದ ಅದೇ ಪ್ರದೇಶದಿಂದ, ಹಳೆಯ ಫಿಲಡೆಲ್ಫಿಯಾದ ಈಗಿನ ಹಳ್ಳಿ ಗರ್ಜಾದಿಂದ, ಹೊಸ ಚಿತ್ರಗಳು ಸಿಕ್ಕ ಸುದ್ದಿಯನ್ನು ಈಜಿಪ್ಟ್ ಸರ್ಕಾರ ಪ್ರಕಟಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ನೆಲದಿಂದ ಸಿಕ್ಕ ಮೊದಲ ಚಿತ್ರಗಳು ಅವು. ಈ ಸಲ ಅಗೆದವರು ಬಾಸೆಮ್ ಗೆಹಾದ್ ನೇತೃತ್ವದ ಈಜಿಪ್ಟ್‌ನ ತಂಡ. ಯಾವ ಚಿತ್ರ ಯಾವ ಗೋರಿಯಲ್ಲಿತ್ತು, ಜೊತೆಗೆ ಏನೇನಿತ್ತು ಎಂಬುದು ಅಗೆಯುವಾಗಲೇ ದಾಖಲಾಗಿದೆ.